ಅರ್ಧ ಖಾಲಿ ಬೀರು

ಮಾರ್ಚ್ ೯, ಸೋಮವಾರ

ಈ ಸ್ಪೀಕರ್ ಇವತ್ತು ತಲೆ ತಿಂದುಬಿಟ್ಟಿತು. ತಂಗಿ ತಂದದ್ದು. ಅಂಗೈಯಗಲದ ಡಬ್ಬಿ, ಅದಕ್ಕೆ ಸ್ವಂತ ಬಾಯಿಯೇ ಇಲ್ಲ. ಯಾವುದಕ್ಕೆ ಅಂಟಿಸುತ್ತೇವೋ ಅದನ್ನೇ ನಡುಗಿಸಿ ಮಾತಾಡಿಸುತ್ತದೆ. ಕಿಟಕಿಯ ಗಾಜಿಗೆ ಅಂಟಿಸಿದರೆ ನೆಗಡಿ ಬಂದವರ ದನಿ. ಮೇಜಿಗೆ ಅಂಟಿಸಿದರೆ ಲೋಟಗಳೆಲ್ಲ ಗಲಗಲ. ಕೊನೆಗೆ ನಾವಿಬ್ಬರೂ ಒಪ್ಪಿದ್ದು ಮರದ ಬಟ್ಟೆ ಬೀರುವನ್ನು. ಅದರಲ್ಲಿ ಫೋನಿನ ರೇಡಿಯೊ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು.

ನಿನ್ನೆ ತಂಗಿ ಗಂಡನ ಜೊತೆ ಹೊಸ ಮನೆಗೆ ಹೋದಳು. ಇವತ್ತು ಸಂಜೆ ಕೆಲಸದಿಂದ ಬಂದು ರೇಡಿಯೊ ಹಾಕಿದರೆ, ವಾರ್ತೆ ಓದುವವಳು ಕೋಣೆಯೆಲ್ಲ ಗುಡುಗಿದಳು. ಕಿತ್ತು ಮತ್ತೆ ಅಂಟಿಸಿದೆ, ಕೆಟ್ಟುಹೋಯಿತೆಂದು ಬೈದೆ. ಆಮೇಲೆ ಬೀರು ತೆಗೆದು ನೋಡಿದೆ. ಅವಳ ಬದಿಯಲ್ಲಿ ಬರೀ ಹ್ಯಾಂಗರ್‌ಗಳು. ಪರದೆ ಹೊಲಿದು ಹೊಟ್ಟೆ ಹೊರೆಯುವವಳು ನಾನು. ಬಟ್ಟೆ ಸದ್ದು ನುಂಗುತ್ತದೆ ಅಂತ ಗಿರಾಕಿಗಳಿಗೆ ದಿನಾ ಹೇಳುತ್ತೇನೆ. ನನ್ನ ಮನೆಯಲ್ಲೇ ಅದು ಹೊಳೆಯಲಿಲ್ಲ. ನನ್ನ ಬಟ್ಟೆಗಳನ್ನೇ ಅತ್ತ ಇತ್ತ ಹಂಚಿ ನೇತುಹಾಕಿದೆ. ಎಲ್ಲಿ ಸಾಲುತ್ತವೆ!

ಅಷ್ಟರಲ್ಲಿ ಕೆಳಗಿನ ಮನೆಯ ಆಂಟಿ ಬಾಗಿಲು ಬಡಿದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ತೆಗೆದೆ.

"ತಂಗಿ ಬಂದಿದ್ದಾಳೇನಮ್ಮಾ? ಮಾತು ಕೇಳಿಸ್ತಿತ್ತು. ನೀನೊಬ್ಳೇ ಹೇಗಿರ್ತೀಯೋ ಅಂದ್ಕೊಂಡಿದ್ದೆ."

"ಹೂಂ ಆಂಟಿ, ಬಂದಿದ್ದಾಳೆ. ಸ್ನಾನಕ್ಕೆ ಹೋಗಿದ್ದಾಳೆ" ಅಂದುಬಿಟ್ಟೆ. ಯಾಕೆ ಅಂದೆನೋ.

"ಸದ್ಯ, ಒಳ್ಳೇದಾಯ್ತು ಬಿಡು" ಅಂತ ಮೆಟ್ಟಿಲಿಳಿದರು.

ಕಣ್ಣು ಎಳೆಯುತ್ತಿದೆ, ಆದರೂ ರೇಡಿಯೊ ನಿಲ್ಲಿಸಿಲ್ಲ. ನಿಲ್ಲಿಸಿದರೆ ಅವಳು ಇವತ್ತೂ ಒಮ್ಮೆ ಮನೆ ಬಿಟ್ಟು ಹೋದ ಹಾಗಾಗುತ್ತದೆ.