ಡೆಲ್ಮರ್‌ಗೆ ಗುರಿಯಿಟ್ಟ ಕೋವಿ

ಅಕ್ಟೋಬರ್ 14, ಮಂಗಳವಾರ

ಟ್ರಿಗರ್ ಮೇಲಿದ್ದ ಬೆರಳು ಇನ್ನೂ ಮರಗಟ್ಟಿದಂತಿದೆ. ನಿದ್ದೆ ಬರುತ್ತಿಲ್ಲ.

ನನ್ನ ಗಂಡ ವರ್ಲಿನ್ ಲಾರಿ ಹತ್ತಿ ಟೆಕ್ಸಸ್‌ಗೆ ಹೊರಡುವ ಮುನ್ನ, ಮನೆ ಕಾವಲಿಗೆಂದು ಗಿಡ್ಡ ಕೋವಿಗೆ ಜಿಂಕೆ ಹೊಡೆಯುವ ದಪ್ಪ ಚರೆಯ ತೋಟೆ ತುಂಬಿಟ್ಟಿದ್ದ. ನನಗೆ ನನ್ನ ಉದ್ದನೆಯ ಜೋಡಿನಳಿಕೆಯ ಕೋವಿ, ಅದರ ಸಣ್ಣ ಚರೆಯೇ ಇಷ್ಟ. ಭಾನುವಾರ ಶೂಟಿಂಗ್ ಕ್ಲಬ್ಬಿನಲ್ಲಿ ಗುರಿಗೆಂದು ಹಾರಿಬಿಟ್ಟ ಮಣ್ಣಿನ ಬಿಲ್ಲೆಗಳನ್ನು ಒಂದೂ ಬಿಡದೆ ಪುಡಿ ಮಾಡಿದ್ದೆ. ಆಗ ಎದೆ ಹೊಡೆದುಕೊಂಡಿರಲಿಲ್ಲ.

ಇವತ್ತು ಮಧ್ಯಾಹ್ನ ಹಿತ್ತಿಲ ಬಾಗಿಲನ್ನು ಯಾರೋ ಒದ್ದರು. ಕೂಗಿ ಕೇಳಿದೆ, ಉತ್ತರವಿಲ್ಲ. ಗಿಡ್ಡ ಕೋವಿ ಎತ್ತಿ ಗುರಿಯಿಟ್ಟು ನಿಂತೆ. ಬಾಗಿಲು ತೆರೆಯಿತು. ಕೈತುಂಬ ಕುಂಬಳಕಾಯಿ ತಬ್ಬಿಕೊಂಡು, ಹಾಡು ಕೇಳಲು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಮೈದುನ ಡೆಲ್ಮರ್!

“ಅಯ್ಯೋ ಅತ್ತಿಗೆ, ನಾನು, ನಾನು! ನನ್ನನ್ನೂ ಬಿಲ್ಲೆ ಅಂದ್ಕೊಂಡ್ರಾ?”

“ಬಾಯಿಬಿಟ್ಟು ಕೂಗೋಕೆ ನಿಂಗೇನೋ ರೋಗ?”

ಅವನು ನಕ್ಕ. ನಾನು ಕೋವಿ ಕೆಳಗಿಳಿಸಿದೆ.

ಫೋನಿನಲ್ಲಿ ವರ್ಲಿನ್, “ಹೊಡೀಲಿಲ್ವಲ್ಲ, ಬಿಡು. ತೋಟೆ ಮಾತ್ರ ತೆಗೀಬೇಡ” ಎಂದ. ತೆಗೆದೆ. ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆದರೂ ಹೊರಗೆ ನಾಯಿ ಬೊಗಳಿದಾಗಲೆಲ್ಲ ಬೀಗದ ಕೈ ತಡವಿಕೊಳ್ಳುತ್ತಿದ್ದೇನೆ. ಡೆಲ್ಮರ್ ಇದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಿರುತ್ತಾನೆ. ನಾಳೆ ಅವನ ಹೆಂಡತಿ ಎದುರು ಸಿಕ್ಕರೆ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ?