ತಿಪ್ಪೆಯಲ್ಲಿ ಎದ್ದ ಹಿಮದ ಗೋಧಿ

ಆಳಂದ
ಫೆಬ್ರವರಿ

ಪ್ರೀತಿಯ ಅವ್ವನಿಗೆ ಅನುರಾಧಾಳ ನಮಸ್ಕಾರ.

ಫೋನ್ ಮಾಡಿದರೆ ‘ಹ್ಞೂಂ’ ಅಂದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಅಣ್ಣ ಅಂಬಾರಾಯ ಓದಿ ಹೇಳಲಿ, ನಡುವೆ ತನ್ನ ಮಾತು ಸೇರಿಸದೆ.

ಕಾಲೇಜಿನಲ್ಲಿ ಎಲ್ಲರೂ ನನಗೆ ಹುಚ್ಚು ಅಂದರು. ಆಳಂದದ ಬಿಸಿಲಲ್ಲಿ ಕೂತು ಗೋಧಿ ಎಷ್ಟು ಚಳಿ ತಾಳುತ್ತದೆಂದು ಅಳೆಯುವವಳಿಗೆ ಇನ್ನೇನು ಅಂದಾರು! ಹಿಮಾಚಲದಲ್ಲಿರುವ ಗೆಳತಿ ಪಂಚಶೀಲಾ ಎರಡು ತಳಿಯ ಬೀಜ ಒಂದೊಂದು ಹಿಡಿ ಕಳಿಸಿದ್ದಳು. ಹಿಮದಡಿ ತಿಂಗಳುಗಟ್ಟಲೆ ಮಲಗಿ ಮತ್ತೆ ಏಳುವ ಗೋಧಿಯಂತೆ. ಅದು ಹೇಗೆ ಬದುಕುತ್ತದೆ ಅನ್ನುವ ಹುಳ ನನ್ನ ತಲೆ ಹೊಕ್ಕಿತು.

ಒಮ್ಮೆಲೇ ಬರ್ಫಕ್ಕೆ ಹಾಕಿದರೆ ಅದೂ ಸಾಯುತ್ತದೆ. ಮೊದಲು ಹದವಾದ ಚಳಿಯಲ್ಲಿ ವಾರಗಟ್ಟಲೆ ಇಟ್ಟು ರೂಢಿ ಮಾಡಿಸಬೇಕು, ಆಗ ಒಳಗೊಳಗೇ ಸಕ್ಕರೆ ಕೂಡಿಟ್ಟುಕೊಳ್ಳುತ್ತದೆ. ಬಸ್‌ಸ್ಟ್ಯಾಂಡಿನ ಯಾಸೀನನ ಅಂಗಡಿಯ ಕೂಲ್‌ಡ್ರಿಂಕ್ಸ್ ಫ್ರಿಜ್ಜಿನಲ್ಲಿ ಲೈಟೂ ಇದೆಯಲ್ಲ, ಆ ಬೀಜದಿಂದ ಎದ್ದ ಸಸಿಗಳು ಡಿಸೆಂಬರನ್ನು ಅಲ್ಲೇ ಕಳೆದವು. ಆಮೇಲೆ ಚಳಿಗಾಲಕ್ಕೆ ಖಾಲಿ ಬಿದ್ದಿದ್ದ ಅವನ ಐಸ್‌ಕ್ರೀಮ್ ಪೆಟ್ಟಿಗೆಗೆ ಹೋದವು. “ಮೇಡಮ್ಮರ, ಗೋಧಿ ಕುಲ್ಫಿ ಮಾಡಾಕತ್ತೀರೇನ್ರಿ?” ಅಂದಿದ್ದ ಅವನು. ತಂಪು ಇಳಿಸುತ್ತಾ ಹೋಗಿ, ಒಂದೊಂದು ಮಟ್ಟಕ್ಕೆ ಕೆಲವನ್ನು ಹೊರತೆಗೆದು, ತಳಿಯ ಹೆಸರು, ಚಳಿಯ ಮಟ್ಟ ಬರೆದ ಲೋಟಗಳಲ್ಲಿ ಮನೆಯಲ್ಲೇ ನೆಟ್ಟೆ. ಅರ್ಧ ಸಸಿ ಸಾಯುವ ಚಳಿ ಯಾವುದೋ ಅದೇ ಆ ತಳಿಯ ತಾಕತ್ತಿನ ಅಳತೆ. ಅದು ಗೊತ್ತಾಗಲು ಮೂರು ವಾರ ಕಾಯಬೇಕು, ಏಕೆಂದರೆ ಎಲೆ ಕೊಳೆತರೂ ಬುಡದ ಗಂಟು ಜೀವ ಹಿಡಿದಿರಬಹುದು.

ಅಷ್ಟರಲ್ಲಿ ನಮ್ಮೂರು ಅಂದೋಲಾದಿಂದ ನೀನು ಬಂದೆ. ನಾನು ಸಂಜೆ ಮನೆಗೆ ಬಂದರೆ ಲೋಟಗಳೆಲ್ಲ ಫಳಫಳ ತೊಳೆದು ಬೋರಲು ಕೂತಿದ್ದವು. “ಎಲ್ಲಾ ಸತ್ತ ಹೋಗ್ಯಾವ ಬೇ, ನಾರಾಕತ್ತಿದ್ದವು. ತಿಪ್ಪಿಗಿ ಒಗದೀನಿ,” ಅಂದೆ ನೀನು. ಕರಿ ನೆಲದಲ್ಲಿ ಜೋಳ ಬೆಳೆದವಳಿಗೆ ಬಾಡಿ ಬಿದ್ದದ್ದು ಸತ್ತಂತೆಯೇ ಸರಿ. ನಾನು ಚೀರಾಡಿದೆ. ಮರುದಿನವೇ ನೀನು ಊರಿಗೆಂದು ಜೇವರ್ಗಿ ಬಸ್ಸು ಹತ್ತಿದೆ. “ಇನ್ನ ನಿನ್ನ ಯಾವ ಕೆಲಸಕ್ಕೂ ನಾ ಕೈ ಹಚ್ಚಂಗಿಲ್ಲ,” ಅಂದೆಯಲ್ಲ, ಅದು ಸಸಿ ಹೋದದ್ದಕ್ಕಿಂತ ಹೆಚ್ಚು ನೋಯಿಸಿತು. ಮತ್ತೆ ಬಿತ್ತಲು ಬೀಜವಂತೂ ಒಂದು ಕಾಳೂ ಉಳಿದಿರಲಿಲ್ಲ.

ನಿನ್ನೆ ಕಸ ಚೆಲ್ಲಲು ಹಿತ್ತಲಿಗೆ ಹೋದೆ. ತಿಪ್ಪೆಯ ಮಗ್ಗುಲಲ್ಲಿ ಏಳೆಂಟು ಹಸಿರು ಕುಡಿ! ಕೈಯಿಂದಲೇ ಕೆದರಿದೆ, ಬುಡದಲ್ಲಿ ಬೆಳ್ಳನೆಯ ಹೊಸ ಬೇರು. ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಎಲ್ಲವನ್ನೂ ಕುಂಡಗಳಿಗೆ ಹಾಕಿದ್ದೇನೆ.

ಯಾವ ಚಳಿಗೆ ಎಷ್ಟು ಸತ್ತವು ಎಂಬ ಲೆಕ್ಕ ಈ ಸಲ ಹೋಯಿತು, ಹೋಗಲಿ. ಆದರೆ ಉಳಿದದ್ದು ಯಾವ ತಳಿ? ತೆನೆ ಬಿಟ್ಟರೆ ಗೊತ್ತಾಗುತ್ತದೆ, ಒಂದಕ್ಕೆ ಉದ್ದ ಮೀಸೆ, ಇನ್ನೊಂದು ಬೋಳು. ಮುಂದಿನ ಚಳಿಗಾಲಕ್ಕೆ ಬೀಜವೂ ಅದರಲ್ಲೇ ಸಿಗುತ್ತದೆ.

ಯುಗಾದಿ ಮುಗಿಸಿ ಬಾ ಅವ್ವಾ. ನೀರು ನಾನು ಹಾಕುತ್ತೇನೆ. ತೆನೆ ಮಾತ್ರ ನೀನೇ ಕೊಯ್ಯಬೇಕು, ಅದಕ್ಕೆ ಬೇರೆ ಯಾರೂ ಕೈ ಹಚ್ಚುವಂತಿಲ್ಲ.

ಘತ್ತರಗಿಯ ಭಾಗ್ಯವಂತಿ ದೇವಿ ನಿನ್ನ ಮೊಣಕಾಲಿಗೆ ಬಲ ಕೊಡಲಿ.

ದಾರಿ ಕಾಯುವ ನಿನ್ನ ಮಗಳು,
ಅನು