ಬಿಡ್ತು ಅನ್ನಿ

ಜುಲೈ 9, ಬುಧವಾರ

ಬೆಳಗಿನ ಡ್ಯೂಟಿ. ರಾತ್ರಿ ಸಿಸ್ಟರ್‌ಗಳಿಂದ ಹ್ಯಾಂಡ್‌ಓವರ್ ಮುಗಿಯುವಷ್ಟರಲ್ಲಿ ಕಾಫಿ ಆರಿಹೋಯಿತು. ಮೂರನೇ ರೂಮಿನ ದಾಕ್ಷಾಯಣಮ್ಮ ಇವತ್ತೂ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಡಿಪ್ರೆಶನ್. ಮಾತ್ರೆ ಈಗಷ್ಟೇ ಶುರು. ಗಂಡ ಪಂಚಾಕ್ಷರಯ್ಯ, ಕಾಟನ್‌ಪೇಟೆಯಲ್ಲಿ ಸಗಟು ಅಂಗಡಿ. ನೋಡಲು ಬಂದವರಿಗೆಲ್ಲ "ಸ್ವಲ್ಪ ವೀಕ್‌ನೆಸ್ಸು" ಅನ್ನುತ್ತಾರೆ.

ತಲೆ ಬಾಚುತ್ತಿದ್ದೆ. ಮೊದಲ ಸಲ ಬಾಯಿ ಬಿಟ್ಟರು. "ನಾನೊಬ್ಳು ಇಲ್ದಿದ್ರೆ ಮನೇಲಿ ಎಲ್ರೂ ನೆಮ್ಮದಿಯಾಗಿರ್ತಾರೆ ಕಣಮ್ಮ."

"ಅಯ್ಯೋ, ಬಿಡ್ತು ಅನ್ನಿ!" ಅಂದುಬಿಟ್ಟೆ. ಥೇಟ್ ನಮ್ಮಮ್ಮನ ಹಾಗೆ.

"ಬಿಡ್ತು" ಅಂದರು. ಮತ್ತೆ ಗೋಡೆ ಕಡೆ ತಿರುಗಿದರು.

ಜುಲೈ 11

ಆಮೇಲೆ ಮಾತೇ ಇಲ್ಲ. ತಪ್ಪು ನನ್ನದೇ. ಸಾಯುವ ಮಾತು ಬಂದರೆ ತಡೆಯಬೇಡಿ, ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ — ನರ್ಸಿಂಗಲ್ಲಿ ಇದನ್ನೇ ಕಲಿತದ್ದು, ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದೆ. ಬಾಯಿಗೆ ಬಂದದ್ದು ಮಾತ್ರ ಮನೆಯಲ್ಲಿ ಕಲಿತದ್ದು. ಛೇ. ಇನ್‌ಚಾರ್ಜ್ ನಂದಿತಾ ಸಿಸ್ಟರ್‌ಗೆ ಹೇಳಿದೆ. "ಮತ್ತೆ ಹೋಗಿ ಕೇಳು" ಅಂದರು. ಕೇಳಬೇಕು. ನಾಲಿಗೆ ಏಳುತ್ತಿಲ್ಲ…

ಜುಲೈ 21, ಸೋಮವಾರ

ಜ್ವರ ಬಂದು ಮನೆಯಲ್ಲಿ ಬಿದ್ದಿದ್ದೆ. ಇವತ್ತು ಬಂದರೆ ದಾಕ್ಷಾಯಣಮ್ಮ ಎದ್ದು ಕೂತಿದ್ದಾರೆ! ಸ್ನಾನ, ಹಣೆ ತುಂಬ ವಿಭೂತಿ, ನಗು. ಪಂಚಾಕ್ಷರಯ್ಯ ವಾರ್ಡಿಗೆಲ್ಲ ಪೇಡ ಹಂಚಿದರು. "ನಾಳೆ ಮನೆಗೆ ಕರ್ಕೊಂಡ್ ಹೋಗ್ತೀವಿ ಸಿಸ್ಟರ್. ಶ್ರಾವಣಕ್ಕೆ ಮನೇಲಿರ್ಬೇಕಲ್ಲ."

ಎಲ್ಲರಿಗೂ ಖುಷಿ. ನನಗೆ ಭಯ. ಮಾತ್ರೆಯಿಂದ ಕೆಲವರಿಗೆ ಕೈಕಾಲಿಗೆ ಮೊದಲು ಚೈತನ್ಯ ಬರುತ್ತದೆ, ಮನಸ್ಸಿನ ಭಾರ ಇಳಿಯುವುದು ನಿಧಾನ. ಆ ನಡುವಿನ ದಿನಗಳೇ ಅಪಾಯ. ಆಯಾಗೆ ತಮ್ಮ ರೇಷ್ಮೆ ಸೀರೆಯೆಲ್ಲ ಕೊಡುತ್ತಾರಂತೆ. "ನಂಗಿನ್ಯಾಕೆ?" ಅಂದರಂತೆ. ಕೇಳೋಣ ಅಂತ ಹೋದೆ. ಗಂಡ ಅಲ್ಲಿಂದ ಕದಲಲೇ ಇಲ್ಲ.

ಜುಲೈ 22, ಬೆಳಿಗ್ಗೆ

ಗಂಡ ಬಿಲ್ ಕೌಂಟರ್‌ಗೆ ಹೋದರು. ಬಾಗಿಲು ಮುಂದೆ ಮಾಡಿ ಪಕ್ಕದಲ್ಲಿ ಕೂತೆ.

"ಅಮ್ಮಾ, ಸತ್ತು ಹೋಗ್ಬೇಕು ಅನ್ಸುತ್ತಾ?"

ಬೈಯಲಿಲ್ಲ. ದೊಡ್ಡ ಉಸಿರು ಬಿಟ್ಟರು. "ಹ್ಞೂಂ."

"ಯಾವಾಗ ಅಂತ ಏನಾದ್ರೂ ಅಂದ್ಕೊಂಡಿದೀರಾ?"

"ಇವತ್ತೇ. ಮನೆಗೆ ಹೋದ್ಮೇಲೆ."

ಮಧ್ಯಾಹ್ನ

ನಂದಿತಾ ಸಿಸ್ಟರ್‌ಗೂ ಡಾಕ್ಟರ್‌ಗೂ ಹೇಳಿದೆ. ಡಿಸ್ಚಾರ್ಜ್ ನಿಂತಿತು. ಪಂಚಾಕ್ಷರಯ್ಯ ಕೂಗಾಡಿದರು. "ನಗ್ತಾ ಇದ್ದೋಳ ಬಾಯಲ್ಲಿ ಇಂಥ ಮಾತು ಆಡಿಸಿದ್ದು ನೀವೇ ಕಣ್ರೀ!" ತಡೆದುಕೊಂಡೆ. ಡಾಕ್ಟರ್ ಒಳಗೆ ಕರೆದು ಮಾತಾಡಿದರು. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಹೆಂಡತಿಯ ಪಕ್ಕ ಹೋಗಿ ಕೂತರು. ನನ್ನ ಕಡೆ ತಿರುಗಿದರು.

"ಸಿಸ್ಟರ್… ನಾನೂ ಕೇಳ್ಬಹುದಾ ಅವಳನ್ನ?"

"ಕೇಳಿ ಸಾರ್."

ಬಾಯಿ ತೆರೆದರು, ಅಳು ಬಂತು. ದಾಕ್ಷಾಯಣಮ್ಮನೇ ಅವರ ಕೈ ಹಿಡಿದು ಶುರು ಮಾಡಿದರು. "ರೀ, ಯುಗಾದಿ ಆದಾಗಿಂದ…"

ನಾನು ಬಾಗಿಲಾಚೆ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ಇಬ್ಬರೂ ಕಾಣುತ್ತಾರೆ. ಪಂಚಾಕ್ಷರಯ್ಯ ಮಧ್ಯೆ ಬಾಯಿ ಹಾಕಿಲ್ಲ. ದಾಕ್ಷಾಯಣಮ್ಮ ಇನ್ನೂ ಹೇಳುತ್ತಲೇ ಇದ್ದಾರೆ.